ರಿಬೀಟಿನ ಸಾಲುಗಳು

ಅಡುಗೆಮನೆಯ ಹಳೆಯ ಕಬ್ಬಿಣದ ಬಾಣಲೆಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಹಿಡಿಕೆಯು ಬಾಣಲೆಯ ಮೈಗೆ ಸೇರುವ ಕಡೆ ಎರಡೆರಡು ಗುಂಡು ತಲೆಗಳು ಕಾಣುತ್ತವೆ. ಅದೇ ರಿವೆಟ್. ನಮ್ಮ ಕಡೆ ಜನ ಅದನ್ನು ರಿಬೀಟು ಎನ್ನುತ್ತಾರೆ; ನಾನೂ ಹಾಗೇ ಕರೆಯುತ್ತೇನೆ. ಅದು ಮೊಳೆಯಲ್ಲ, ತಿರುಪೂ ಅಲ್ಲ. ಮೊಳೆಯನ್ನು ಕೀಳಬಹುದು, ತಿರುಪನ್ನು ಬಿಚ್ಚಬಹುದು. ರಿಬೀಟನ್ನು ಮಾತ್ರ ಕಡಿದೇ ತೆಗೆಯಬೇಕು. ಒಂದು ತುದಿಯಲ್ಲಿ ತಲೆಯಿರುವ ಲೋಹದ ಗೂಟವನ್ನು ಎರಡು ತಗಡುಗಳ ತೂತಿನಲ್ಲಿ ತೂರಿಸಿ, ಆಚೆ ಬಂದ ತುದಿಯನ್ನು ಬಡಿದು ಅಲ್ಲೂ ಒಂದು ತಲೆ ಎಬ್ಬಿಸಿದರೆ ಕೆಲಸ ಮುಗಿಯಿತು. ಆಮೇಲೆ ಆ ತಗಡುಗಳು ಬೇರೆಯಾಗುವ ಮಾತಿಲ್ಲ.

ಮೂವತ್ತು ವರ್ಷದಿಂದ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತಿರುವ ನಾನು ಇಷ್ಟು ಸಣ್ಣ ವಸ್ತುವಿನ ಬಗ್ಗೆ ಬರೆಯಲು ಎರಡು ಕಾರಣಗಳಿವೆ. ಒಂದು, ನನ್ನ ತಂದೆ. ಇನ್ನೊಂದು, ನನ್ನ ತಮ್ಮನ ಮಗ. ಅಜ್ಜ ಅಡಿಕೆ ಗಾತ್ರದ ರಿಬೀಟುಗಳ ನಡುವೆ ಜೀವ ಸವೆಸಿದರು. ಮೊಮ್ಮಗ ಗಸಗಸೆಗಿಂತ ಸಣ್ಣ ರಿಬೀಟುಗಳನ್ನು ನೀರಿನಲ್ಲಿ ನೆನೆಸಿ ಆಟಿಗೆಯ ಎಂಜಿನ್ನಿಗೆ ಅಂಟಿಸುತ್ತಾನೆ. ಇವರಿಬ್ಬರ ನಡುವೆ ಒಂದೂವರೆ ಶತಮಾನದ ಇತಿಹಾಸ ಹರಡಿಕೊಂಡಿದೆ ಎಂದು ನನಗೆ ಹೊಳೆದದ್ದು ಈಚೆಗೆ.

ಮೊದಲು ದೊಡ್ಡ ರಿಬೀಟಿನ ಕಥೆ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣದ ದೊಡ್ಡ ವಸ್ತು ಎಂದರೆ ರಿಬೀಟು ಹೊಡೆದ ವಸ್ತು ಎಂದೇ ಅರ್ಥ. ಉಗಿ ಎಂಜಿನ್ನಿನ ಬಾಯ್ಲರು, ಹಡಗು, ನದಿಗಳ ಮೇಲಿನ ರೈಲ್ವೆ ಸೇತುವೆ, ನೀರಿನ ಟ್ಯಾಂಕಿ ಎಲ್ಲವೂ ಹೀಗೆಯೇ ಕೂಡಿಕೊಂಡವು. 1889ರಲ್ಲಿ ಪೂರ್ಣಗೊಂಡ ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲಿ 18,038 ಕಬ್ಬಿಣದ ಬಿಡಿಭಾಗಗಳಿವೆ. ಅವುಗಳನ್ನು ಹಿಡಿದು ನಿಲ್ಲಿಸಿರುವುದು 25 ಲಕ್ಷ ರಿಬೀಟುಗಳು. 1943ರಲ್ಲಿ ಸಂಚಾರಕ್ಕೆ ತೆರೆದ ಕಲ್ಕತ್ತೆಯ ಹೌರಾ ಸೇತುವೆಯಲ್ಲಿ ಸುಮಾರು 26,500 ಟನ್ ಉಕ್ಕಿದೆ. ಅದರ ಬಹುಪಾಲು ನಮ್ಮ ದೇಶದ ಟಾಟಾ ಕಾರ್ಖಾನೆಯದು. ಅದೂ ರಿಬೀಟಿನಿಂದಲೇ ನಿಂತಿದೆ.

ಇಂಥ ರಿಬೀಟನ್ನು ತಣ್ಣಗೆ ಬಡಿಯಲಾಗುವುದಿಲ್ಲ. ಅದಕ್ಕೆ ನಾಲ್ಕೈದು ಜನರ ತಂಡ ಬೇಕು. ಒಬ್ಬ ಸಣ್ಣ ಕುಲುಮೆಯಲ್ಲಿ ರಿಬೀಟುಗಳನ್ನು ಕೆಂಪಗೆ ಕಾಯಿಸುತ್ತಾನೆ. ಇಕ್ಕಳದಿಂದ ಹಿಡಿದು ಮೇಲಕ್ಕೆ ಎಸೆಯುತ್ತಾನೆ. ಇನ್ನೊಬ್ಬ ಅದನ್ನು ಹಿಡಿದು, ಆರುವ ಮೊದಲು ತೂತಿಗೆ ತುರುಕುತ್ತಾನೆ. ಮೂರನೆಯವನು ಒಳಗಿನಿಂದ ಭಾರದ ಕಬ್ಬಿಣವನ್ನು ತಲೆಗೆ ಒತ್ತಿ ಹಿಡಿಯುತ್ತಾನೆ. ಹೊರಗಿನಿಂದ ಸುತ್ತಿಗೆಯವರು ಬಡಿಯುತ್ತಾರೆ. ಬಿಸಿ ಆರಿದಂತೆ ರಿಬೀಟು ಕುಗ್ಗುತ್ತದೆ. ಕುಗ್ಗುತ್ತ ಎರಡೂ ತಗಡುಗಳನ್ನು ಒಂದಕ್ಕೊಂದು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಸುತ್ತಿಗೆ ಕೊಡದ ಬಿಗಿಯನ್ನು ಆರುವಿಕೆ ಕೊಡುತ್ತದೆ. ಬಂಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕಾಯಿಸಿ ಹಾಕಿ ನೀರು ಸುರಿಯುವ ಕಮ್ಮಾರರನ್ನು ಕಂಡವರಿಗೆ ಇದು ಹೊಸತಲ್ಲ.

ಟೈಟಾನಿಕ್ ಹಡಗಿನ ಹೆಸರು ಎಲ್ಲ ಮಕ್ಕಳಿಗೂ ಗೊತ್ತು. ಅದರಲ್ಲಿ ಸುಮಾರು 30 ಲಕ್ಷ ರಿಬೀಟುಗಳಿದ್ದವು. ಬೆಲ್ಫಾಸ್ಟ್ ನಗರದಲ್ಲಿ ಅದನ್ನು ಕಟ್ಟುವಾಗ ಹಡಗಿನ ನಡುಭಾಗಕ್ಕೆ ಯಂತ್ರದಿಂದ ಉಕ್ಕಿನ ರಿಬೀಟು ಒತ್ತಿದರು. ಯಂತ್ರ ಹೋಗಲಾರದ ಮುಂದಿನ ಮತ್ತು ಹಿಂದಿನ ಭಾಗಗಳಿಗೆ ಕೈಯಿಂದ ಕಬ್ಬಿಣದ ರಿಬೀಟು ಹೊಡೆದರು. ಆ ಕಬ್ಬಿಣದಲ್ಲಿ ಕಿಟ್ಟ ಹೆಚ್ಚಾಗಿತ್ತು, ಹಿಮಗಡ್ಡೆ ತಾಗಿದಾಗ ಅವುಗಳ ತಲೆ ಹಾರಿ ತಗಡುಗಳು ಬಾಯಿ ಬಿಟ್ಟವು ಎಂದು ಇಬ್ಬರು ಲೋಹತಜ್ಞರು 2008ರಲ್ಲಿ ಪುಸ್ತಕವನ್ನೇ ಬರೆದರು. ಅದನ್ನು ಒಪ್ಪದವರೂ ಇದ್ದಾರೆ. ಆ ವಾದ ಹಾಗಿರಲಿ.

ನನ್ನನ್ನು ಕಾಡುವುದು ಬೇರೆ ಸಂಗತಿ. ಸ್ಯಾಮ್ಯುಯೆಲ್ ಸ್ಕಾಟ್ ಎಂಬ ಹುಡುಗ ಆ ಹಡಗಿನ ಒಂದು ರಿಬೀಟಿನ ತಂಡದಲ್ಲಿದ್ದ. ಎಸೆದ ಕೆಂಡದಂಥ ರಿಬೀಟನ್ನು ಹಿಡಿಯುವುದು ಅವನ ಕೆಲಸ. 1910ರ ಏಪ್ರಿಲ್ 20ರಂದು ಬಿದ್ದು, ತಲೆಬುರುಡೆ ಒಡೆದು ಸತ್ತ. ಆಗ ಅವನಿಗೆ 15 ವರ್ಷ. ಹಡಗು ಇನ್ನೂ ನೀರಿಗೇ ಇಳಿದಿರಲಿಲ್ಲ. ಅವನನ್ನು ಬೆಲ್ಫಾಸ್ಟಿನ ಸ್ಮಶಾನದಲ್ಲಿ ಹೂಳಿದರು, ಕಲ್ಲು ನೆಡಲಿಲ್ಲ. ಟೈಟಾನಿಕ್ ಮುಳುಗಿದ ಮೇಲೆ ಸತ್ತವರ ಪಟ್ಟಿಗಳು, ಸ್ಮಾರಕಗಳು, ಪುಸ್ತಕಗಳು, ಸಿನಿಮಾಗಳು ಎಷ್ಟು ಬಂದವು! ಈ ಹುಡುಗನ ಗೋರಿಗೆ ಒಂದು ಕಲ್ಲು ಬಂದದ್ದು 2011ರಲ್ಲಿ. ಅಂದರೆ 101 ವರ್ಷಗಳ ಮೇಲೆ. ನನ್ನ ಹತ್ತನೆಯ ತರಗತಿಯ ಮಕ್ಕಳಿಗೂ 15 ವರ್ಷವೇ. ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರ ಹೆಸರು ಕರೆಯುವಾಗ ಎಷ್ಟೋ ಸಲ ಆ ಹೆಸರೂ ನೆನಪಿಗೆ ಬರುತ್ತದೆ.

ಸಾಯದೆ ಉಳಿದವರಿಗೂ ಈ ಕೆಲಸ ಒಂದು ಕಂದಾಯ ಹಾಕುತ್ತಿತ್ತು. 1886ರಲ್ಲಿ ಗ್ಲಾಸ್ಗೋ ನಗರದ ಥಾಮಸ್ ಬಾರ್ ಎಂಬ ಕಿವಿಯ ವೈದ್ಯ ನೂರು ಮಂದಿ ಬಾಯ್ಲರು ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿದ. ಜೊತೆಗೆ ಎರಕದ ಕೆಲಸದವರನ್ನೂ ಅಂಚೆಯವರನ್ನೂ ಪರೀಕ್ಷಿಸಿ ಹೋಲಿಸಿ ನೋಡಿದ. ಬಾಯ್ಲರಿನ ನೂರು ಜನರಲ್ಲಿ ಒಬ್ಬನ ಕಿವಿಯೂ ಸರಿಯಾಗಿರಲಿಲ್ಲ. ಇಂಗ್ಲಿಷರು ಆ ಕಿವುಡಿಗೆ ಬಾಯ್ಲರಿನವರ ಕಿವುಡು ಎಂದೇ ಹೆಸರಿಟ್ಟಿದ್ದರು. ಎಲ್ಲರಿಗಿಂತ ಹೆಚ್ಚು ಪೆಟ್ಟು ಬೀಳುತ್ತಿದ್ದುದು ಬಾಯ್ಲರಿನ ಒಳಗೆ ಕುಳಿತು ಭಾರದ ಕಬ್ಬಿಣ ಹಿಡಿಯುವವನಿಗೆ. ಹೊರಗೆ ಸುತ್ತಿಗೆ ಬಿದ್ದಾಗ ಒಳಗಿನವನಿಗೆ ಅದು ಗಂಟೆಯ ಹೊಟ್ಟೆಯೊಳಗೆ ತಲೆಯಿಟ್ಟ ಹಾಗೆ.

ನನ್ನ ತಂದೆ ಹಾಗೆ ಒಳಗೆ ಕೂಡುತ್ತಿದ್ದವರು. ಒಂದು ರೈಲ್ವೆ ಕಾರ್ಖಾನೆಯಲ್ಲಿ, ಉಗಿ ಎಂಜಿನ್ನುಗಳ ದುರಸ್ತಿ ವಿಭಾಗದಲ್ಲಿ, ಇಪ್ಪತ್ತರ ವಯಸ್ಸಿನಿಂದ ಕೆಲಸ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವರಿಗೆ ಅರ್ಧ ಕೇಳಿಸುತ್ತಿರಲಿಲ್ಲ. ನಾನು ಕಾಲೇಜಿಗೆ ಹೋಗುವಾಗ ಪೂರ್ತಿ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ನಾವೆಲ್ಲ ಕೂಗಿಯೇ ಮಾತಾಡುತ್ತಿದ್ದೆವು. ಓಣಿಯವರು ನಮ್ಮನ್ನು ಜಗಳಗಂಟರೆಂದು ತಿಳಿದಿದ್ದರು. ಅವ್ವ ನಗುತ್ತ ಹೇಳುತ್ತಿದ್ದಳು: “ನಿಮ್ಮಪ್ಪಾರು ಕಿವಿ ಎರಡೂ ಬಾಯ್ಲರಿನಾಗ ಬಿಟ್ಟ ಬಂದಾರ. ಪಗಾರದಾಗ ಅದನ್ನ ಹಿಡದಿಲ್ಲ, ಕೊಟ್ಟೂ ಇಲ್ಲ.” ನಿಜವೇ. ನಿವೃತ್ತಿಯ ಕಾಗದದಲ್ಲಿ ಅವರ ಹೆಸರು, ಟಿಕೆಟ್ ನಂಬರು, ಸೇವೆಯ ವರ್ಷ ಎಲ್ಲ ಇದ್ದವು. ಕಿವಿಯ ಮಾತು ಇರಲಿಲ್ಲ.

ಆದರೆ ಅವರ ಬೆರಳಿಗೆ ಬಂದ ವಿದ್ಯೆಯೊಂದಿತ್ತು. ರಿಬೀಟು ಬಿಗಿಯಾಗಿದೆಯೋ ಸಡಿಲವೋ ಎಂದು ನೋಡುವವರು ತಲೆಯ ಒಂದು ಮಗ್ಗುಲಿಗೆ ಬೆರಳಿಟ್ಟು ಇನ್ನೊಂದು ಮಗ್ಗುಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಕಿವಿಯಿದ್ದವರಿಗೆ ನಾದ ತಿಳಿಯುತ್ತದೆ. ಅಪ್ಪನಿಗೆ ಬೆರಳಿಗೆ ನಡುಕ ತಿಳಿಯುತ್ತಿತ್ತು. ಸಂತೆಯಲ್ಲಿ ಬಕೀಟು ಕೊಳ್ಳುವಾಗಲೂ ಹಿಡಿಕೆಯ ರಿಬೀಟಿಗೆ ಬೆರಳಿಟ್ಟು ತಟ್ಟಿ, ಅಂಗಡಿಯವನ ಮುಖ ನೋಡದೆ, ಬೇಡವೆಂದು ತಲೆಯಲ್ಲಾಡಿಸಿ ಮುಂದಿನ ಅಂಗಡಿಗೆ ನಡೆಯುತ್ತಿದ್ದರು.

ಈಗ ಸಣ್ಣ ರಿಬೀಟಿಗೆ ಬರೋಣ.

ತಮ್ಮನ ಮಗ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ರಜೆಯಲ್ಲಿ ನಮ್ಮ ಮನೆಗೆ ಬಂದರೂ ಒಂದು ಪೆಟ್ಟಿಗೆ ಜೊತೆಗಿರುತ್ತದೆ: ತೆಳು ಪ್ಲಾಸ್ಟಿಕ್ ಹಾಳೆ, ಅಂಟು, ಚಿಮಟಿಗೆ, ಬಣ್ಣ, ಕೂದಲಿನಂಥ ಕುಂಚಗಳು. ಅವನು ಮಾದರಿಗಳನ್ನು ಮಾಡುತ್ತಾನೆ. ಆಟಿಗೆ ಎಂದರೆ ಸಿಟ್ಟು ಬರುತ್ತದೆ. ಆಟಿಗೆಗೂ ಮಾದರಿಗೂ ಇರುವ ವ್ಯತ್ಯಾಸ ಪ್ರಮಾಣದ್ದು, ಅಂದರೆ ಸ್ಕೇಲಿನದು. ನಾವು ನಕಾಶೆಯಲ್ಲಿ ಒಂದು ಸೆಂಟಿಮೀಟರಿಗೆ ಇಷ್ಟು ಕಿಲೋಮೀಟರು ಎಂದು ಬರೆಯುವ ಹಾಗೆ, ಅವರಲ್ಲಿ ರೈಲಿಗೆ ಎಂಬತ್ತೇಳರಲ್ಲಿ ಒಂದು, ವಿಮಾನಕ್ಕೆ ಎಪ್ಪತ್ತೆರಡರಲ್ಲಿ ಒಂದು ಎಂಬ ಲೆಕ್ಕಗಳಿವೆ.

ಈ ಹವ್ಯಾಸ ಮನೆಮನೆಗೆ ಬಂದದ್ದು ಪ್ಲಾಸ್ಟಿಕ್ಕಿನಿಂದ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1952ರಲ್ಲಿ ಗೋಲ್ಡನ್ ಹೈಂಡ್ ಎಂಬ ಹಡಗನ್ನು ಬಿಡಿಬಿಡಿ ತುಂಡುಗಳಾಗಿ ಚೀಲದಲ್ಲಿ ಹಾಕಿ ಎರಡು ಶಿಲಿಂಗಿಗೆ ಮಾರಿತು. ಮರುವರ್ಷ ಸ್ಪಿಟ್‌ಫೈರ್ ವಿಮಾನ ಬಂತು. ಯುದ್ಧ ನೋಡಿದ ತಂದೆಯರು, ನೋಡದ ಮಕ್ಕಳು ಕೂಡಿ ಕುಳಿತು ಅಂಟಿಸಿದರು. ಮುಂದೆ 1960, 70ರ ದಶಕಗಳಲ್ಲಿ ಬಂದ ಇಂಥ ವಿಮಾನಗಳ ಮೈಮೇಲೆಲ್ಲ ಸಣ್ಣ ಸಣ್ಣ ಗುಳ್ಳೆಗಳು. ಅವೇ ರಿಬೀಟುಗಳಂತೆ. ನೋಡಲು ಬೆರಗು, ಲೆಕ್ಕಕ್ಕೆ ಮಾತ್ರ ತಪ್ಪು. ಎಪ್ಪತ್ತೆರಡರಲ್ಲಿ ಒಂದರ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿನ ಗುಳ್ಳೆಯನ್ನು ಮೂಲದ ಗಾತ್ರಕ್ಕೆ ಹಿಗ್ಗಿಸಿದರೆ 36 ಮಿಲಿಮೀಟರು ಆಗುತ್ತದೆ. ಒಂದು ರೂಪಾಯಿಯ ನಾಣ್ಯಕ್ಕಿಂತ ದೊಡ್ಡ ಗುಬುಟು! ಅಂಥ ಸಾವಿರಾರು ಗುಬುಟುಗಳನ್ನು ಹೊತ್ತುಕೊಂಡು ಯಾವ ವಿಮಾನ ಹಾರೀತು?

ನಿಜವಾದ ಅಳತೆ ಹಾಕಿದರೆ ಇನ್ನೊಂದು ತೊಂದರೆ. ವಿಮಾನದ ರಿಬೀಟಿನ ತಲೆ ಐದಾರು ಮಿಲಿಮೀಟರು. ಎಪ್ಪತ್ತೆರಡರಿಂದ ಭಾಗಿಸಿದರೆ ತಲೆಗೂದಲಿನ ದಪ್ಪಕ್ಕೆ ಬರುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಮಾಯ. ದೊಡ್ಡದು ಮಾಡಿದರೆ ಸುಳ್ಳು, ಸರಿಯಾಗಿ ಮಾಡಿದರೆ ಇಲ್ಲವೇ ಇಲ್ಲ. ಈ ಇಕ್ಕಟ್ಟಿನಲ್ಲಿ ಮಾದರಿಗಾರರ ನಡುವೆ ದಶಕಗಳಿಂದ ವಾದ ನಡೆದಿದೆ. ಸಾಲಿನಲ್ಲಿ ಎರಡು ರಿಬೀಟು ಕಡಿಮೆ ಇದೆ ಎಂದು ಪರರ ಮಾದರಿಗೆ ತಪ್ಪು ಹೇಳುವವನನ್ನು ಅವರು ಗೇಲಿಯಿಂದ ರಿಬೀಟು ಎಣಿಸುವವನು ಎನ್ನುತ್ತಾರೆ. ಪಾಪ, ಎಣಿಸುವುದು ಒಂದು ಕಾಲಕ್ಕೆ ನಿಜವಾದ ಉದ್ಯೋಗವೇ ಆಗಿತ್ತು. ಹಡಗಿನ ಅಂಗಳಗಳಲ್ಲಿ ಹೊಡೆದ ರಿಬೀಟಿನ ಲೆಕ್ಕದ ಮೇಲೆ ಕೂಲಿ. ಎಣಿಸುವವನು ಬಂದು ಬಿಗಿಯಾದುದನ್ನು ಲೆಕ್ಕಕ್ಕೆ ಹಿಡಿದು, ಸಡಿಲಾದುದನ್ನು ಬಿಡುತ್ತಿದ್ದ. ಅವನ ಬಾಯಿಯ ಅಂಕಿಯ ಮೇಲೆ ಒಂದು ತಂಡದ ಆ ವಾರದ ರೊಟ್ಟಿ ನಿಂತಿರುತ್ತಿತ್ತು.

ಕಳೆದ ಬೇಸಗೆಯಲ್ಲಿ ಹುಡುಗ ಮಾಡುತ್ತಿದ್ದುದು ಬ್ರಿಟಿಷರ ಕಾಲದ ಮೀಟರ್ ಗೇಜ್ ಎಂಜಿನ್ನಿನ ಹಿಂದಿನ ಟೆಂಡರನ್ನು. ಟೆಂಡರೆಂದರೆ ಎಂಜಿನ್ನಿಗೆ ಬೇಕಾದ ಕಲ್ಲಿದ್ದಲು, ನೀರು ಹೊತ್ತುಕೊಂಡು ಹಿಂದೆ ಬರುವ ಗಾಡಿ. ಎಂಬತ್ತೇಳರಲ್ಲಿ ಒಂದರ ಪ್ರಮಾಣದಲ್ಲಿ ಅದರ ಉದ್ದ ನನ್ನ ತೋರುಬೆರಳಿನಷ್ಟು. ಒಂದಂಗುಲದ ರಿಬೀಟಿನ ತಲೆ ಅಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಒಂದೇ ಬದಿಯಲ್ಲಿ ನಾನೂರಕ್ಕೂ ಮಿಕ್ಕಿ ರಿಬೀಟುಗಳು.

ಇವನ್ನು ಮೂಡಿಸಲು ಹಿಂದಿನವರು ಪಟ್ಟ ಪಾಡನ್ನು ಅವನೇ ಹೇಳಿದ. ತೆಳು ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಹಾಳೆಯನ್ನು ಹಿಂದಿನಿಂದ ಸೂಜಿಮೊನೆಯಿಂದ ಒಂದೊಂದಾಗಿ ಒತ್ತಿ ಮುಂದೆ ಗುಳ್ಳೆ ಎಬ್ಬಿಸುತ್ತಿದ್ದರು. ಹಳೆಯ ಮಾದರಿಯೊಂದರ ರಿಬೀಟುಗಳನ್ನು ಬ್ಲೇಡಿನಿಂದ ಹೆರೆದು ತೆಗೆದು, ಒದ್ದೆ ಕುಂಚದ ತುದಿಯಿಂದ ಎತ್ತಿ ಹೊಸದಕ್ಕೆ ಅಂಟಿಸುತ್ತಿದ್ದರು. ಕೆಲವರು ಬಿಳಿ ಅಂಟಿನ ಹನಿಗಳನ್ನು ಸೂಜಿಯಿಂದ ಇಡುತ್ತಿದ್ದರು. ಎಷ್ಟು ಜೋಪಾನ ಮಾಡಿದರೂ ಸಾಲು ಸೊಟ್ಟ, ಹನಿ ಒಂದು ಸಣ್ಣದು ಒಂದು ದೊಡ್ಡದು. ಚುಕ್ಕಿ ಸರಿಯಾಗಿ ಇಡದೆ ರಂಗೋಲಿ ಹಾಕಿದರೆ ಏನಾಗುತ್ತದೆಂದು ಹೆಂಗಸರಿಗೆ ಗೊತ್ತು.

ಇದಕ್ಕೆ ಪರಿಹಾರ ಬಂದದ್ದು ಡೆಕಾಲಿನಿಂದ. ಡೆಕಾಲ್ ಎಂದರೆ ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಚಿತ್ರ. ಹಳೆಯ ಹೊಲಿಗೆ ಯಂತ್ರದ ಕಪ್ಪು ಮೈಮೇಲಿನ ಬಂಗಾರದ ಬಳ್ಳಿ ಈ ಜಾತಿಯದು. ಮಾದರಿಗಳಲ್ಲಿ ಅಂಕಿ, ಅಕ್ಷರ, ಲಾಂಛನಗಳಿಗೆ ಡೆಕಾಲ್ ಬಳಸುವುದು ಮೊದಲಿನಿಂದ ಇತ್ತು. ಅವು ಚಪ್ಪಟೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಆರ್ಚರ್ ಎಂಬ ಸಂಸ್ಥೆ ಅದೇ ತೆಳು ಪೊರೆಯ ಮೇಲೆ ಶಾಯಿಯ ಬದಲು ರಾಳದಂಥ ವಸ್ತುವಿನ ಉಬ್ಬು ಚುಕ್ಕಿಗಳನ್ನು ಮೂಡಿಸಿ ಮಾರಿತು. ಬೇರೆ ಬೇರೆ ಗಾತ್ರ, ಬೇರೆ ಬೇರೆ ಅಂತರ, ಒಂಟಿ ಸಾಲು, ಜೋಡಿ ಸಾಲು. ನೂರು ರಿಬೀಟುಗಳು ದಾರದಂತೆ ನೆಟ್ಟಗೆ!

ಹುಡುಗ ಅಂಟಿಸುವುದನ್ನು ನಾನು ಎರಡು ಮಧ್ಯಾಹ್ನ ಪಕ್ಕದಲ್ಲಿ ಕುಳಿತು ನೋಡಿದೆ. ಹಾಳೆಯಿಂದ ಒಂದು ಸಾಲನ್ನು ಬ್ಲೇಡಿನಿಂದ, ಚುಕ್ಕಿಗಳಿಗೆ ತೀರ ಹತ್ತಿರದಲ್ಲಿ ಕತ್ತರಿಸುತ್ತಾನೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಬಟ್ಟೆಯ ಮೇಲೆ ಇಡುತ್ತಾನೆ. ಅಂಟು ಕರಗಿ ಪೊರೆ ಕಾಗದವನ್ನು ಬಿಡುವವರೆಗೆ ಕಾಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಪೆನ್ಸಿಲಿನಿಂದ ಎಳೆದುಕೊಂಡ ಗೆರೆಯ ಮೇಲೆ ಒಂದು ಹನಿ ನೀರು ಹಾಕಿ, ಆ ನೀರಿನ ಮೇಲೆ ಸಾಲನ್ನು ಜಾರಿಸಿ, ಒದ್ದೆ ಕುಂಚದಿಂದ ಆಚೀಚೆ ಸರಿಸಿ ಗೆರೆಗೆ ಕೂಡಿಸುತ್ತಾನೆ. ಬಟ್ಟೆಯ ಮೂಲೆಯಿಂದ ನೀರನ್ನು ಹೀರುತ್ತಾನೆ. ಆಮೇಲೆ ಪೊರೆಯನ್ನು ಮೆತ್ತಗೆ ಮಾಡುವ ಒಂದು ದ್ರಾವಣ ಸವರುತ್ತಾನೆ. ಪೊರೆ ಮೈಗೆ ಕಚ್ಚಿಕೊಳ್ಳುತ್ತದೆ, ಅಂಚು ಕಾಣದಾಗುತ್ತದೆ. ಅಕ್ಷರದ ಡೆಕಾಲನ್ನು ಬಣ್ಣವಾದ ಮೇಲೆ ಹಾಕುತ್ತಾರೆ; ರಿಬೀಟಿನದನ್ನು ಬಣ್ಣಕ್ಕೆ ಮೊದಲೇ ಹಾಕಬೇಕು. ಕಪ್ಪು ಬಣ್ಣ ಬಿದ್ದ ಮೇಲೆ ಅದು ಅಂಟಿಸಿದ್ದೆಂದು ಯಾರೂ ಹೇಳಲಾರರು. ಓರೆ ಬೆಳಕಿಗೆ ಹಿಡಿದರೆ ಮಾತ್ರ ಸಾಲುಗಳು ಎದ್ದು ನಿಲ್ಲುತ್ತವೆ.

ಆ ಟೆಂಡರಿನ ಸಾಲುಗಳು ಒಂದೇ ರೀತಿ ಇರಲಿಲ್ಲ. ಅಂಚಿನಲ್ಲಿ ಒತ್ತಾಗಿ ಒಂದು ಸಾಲು, ನಡುವೆ ದೂರ ದೂರದಲ್ಲಿ ಮೂರು ನಿಲುವು ಸಾಲುಗಳು. ಆ ಮೂರು ಏಕೆ ಎಂದು ಕೇಳಿದೆ.

“ಅತ್ತಿ, ಒಳಗ ನೀರು ಇರತೈತಿ. ಗಾಡಿ ಬ್ರೇಕ್ ಹಾಕಿದಾಗ ಅಷ್ಟೂ ನೀರು ಒಂದ ಕಡೆ ನುಗ್ಗಬಾರದು ಅಂತ ಒಳಗ ತಗಡಿನ ಅಡ್ಡಗ್ವಾಡಿ ಇರತಾವ. ಆ ಗ್ವಾಡಿ ಎಲ್ಲಿ ಬಂದು ಹೊರಗಿನ ತಗಡಿಗೆ ಕೂಡತದೋ ಅಲ್ಲೇ ರಿಬೀಟು. ಹೊರಗಿನ ಸಾಲು ನೋಡಿ ಒಳಗಿನ ಮನಿ ಹೇಳಬಹುದು.”

“ಮತ್ತ ಸಾಲು ಒಂದ ಎಳಿ ಆಚೀಚೆ ಹಾಕಿದರ?”

“ಗ್ವಾಡಿ ಇಲ್ಲದ ಜಾಗಾದಾಗ ಗ್ವಾಡಿ ಕಟ್ಟಿದಂಗ ಆತು.”

ಅವನು ಹಳೆಯ ಫೋಟೋಗಳಿಂದ ಸಾಲುಗಳನ್ನು ಎಣಿಸಿ ಬರೆದುಕೊಂಡಿದ್ದ. ಗಾತ್ರದಲ್ಲಿ ಮಾತ್ರ, ಬಣ್ಣದಡಿ ಮುಚ್ಚಿಹೋಗದಿರಲಿ ಎಂದು, ಕೂದಲೆಳೆಯಷ್ಟು ದೊಡ್ಡದನ್ನು ಆರಿಸಿದ್ದ. “ಇದು ಮೋಸ ಅಲ್ಲೇನು ತಮ್ಮಾ?” ಎಂದೆ. “ಗಾತ್ರ ಸ್ವಲ್ಪ ಹೆಚ್ಚು ಮಾಡಿದರ ನಡೀತದ ಅತ್ತಿ, ಕಾಣಬೇಕಲ್ಲ. ಜಾಗಾ ತಪ್ಪಿಸಬಾರದು” ಎಂದ.

ಆ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದೆ. ಅದಕ್ಕೆ ಮುಂಚೆ ವಿಮಾನದ ಸಂಗತಿ ಹೇಳಿಬಿಡುತ್ತೇನೆ, ಏಕೆಂದರೆ ಅದು ನಮ್ಮ ಬೆಂಗಳೂರಿಗೂ ಬಂದು ಮುಟ್ಟುತ್ತದೆ.

ವಿಮಾನಕ್ಕೆ ಗುಂಡು ತಲೆ ಶತ್ರು. ಪ್ರತಿಯೊಂದು ತಲೆಯೂ ಗಾಳಿಗೆ ಅಡ್ಡ. ಹಾಗಾಗಿ 1930ರ ದಶಕದಲ್ಲಿ ತಲೆಯನ್ನು ತಗಡಿನ ಮಟ್ಟಕ್ಕೆ ಹುದುಗಿಸುವ ಚಪ್ಪಟೆ ರಿಬೀಟು ಬಂತು. ಅದು ದುಬಾರಿ, ನಿಧಾನ. ಎಲ್ಲ ಕಡೆ ಬೇಕೇ, ಕೆಲವು ಕಡೆ ಸಾಕೇ? 1936ರಲ್ಲಿ ಮೊದಲು ಹಾರಿದ ಸ್ಪಿಟ್‌ಫೈರಿನವರು ಇದನ್ನು ಪರೀಕ್ಷಿಸಿದ ಬಗೆ ಕೇಳಿ. ಒಣ ಬಟಾಣಿ ಬೇಳೆ ತಂದು, ಒಂದೊಂದು ಚಪ್ಪಟೆ ರಿಬೀಟಿನ ಮೇಲೆ ಒಂದೊಂದು ಬೇಳೆಯನ್ನು ಅಂಟಿನಿಂದ ಅಂಟಿಸಿದರು. ಚಪ್ಪಟೆ ತಲೆಗಳೆಲ್ಲ ಗುಂಡು ತಲೆಗಳಾದವು. ಹಾರಿಸಿ ನೋಡಿದರೆ ವೇಗದಲ್ಲಿ ಗಂಟೆಗೆ 22 ಮೈಲಿಯಷ್ಟು ನಷ್ಟ! ಆಮೇಲೆ ಒಂದೊಂದು ಭಾಗದ ಬೇಳೆಗಳನ್ನು ಕಿತ್ತು ಮತ್ತೆ ಮತ್ತೆ ಹಾರಿಸಿ, ಎಲ್ಲಿ ಗುಂಡು ತಲೆಯಿದ್ದರೂ ನಡೆಯುತ್ತದೆ ಎಂದು ಕಂಡುಕೊಂಡರು. ರೆಕ್ಕೆಗೆ ಚಪ್ಪಟೆಯೇ ಬೇಕಾಯಿತು. ಮೈಯ ಹಿಂಭಾಗಕ್ಕೆ ಗುಂಡು ತಲೆ ಸಾಕಾಯಿತು. ಮಾದರಿಗಾರರು ಇಂದು ಅಂಟಿಸುವ ಉಬ್ಬು ಚುಕ್ಕಿಗಳ ಪೂರ್ವಜ ಒಂದು ಹಿಡಿ ಬೇಳೆ ಎಂದರೆ ನಗಬೇಡಿ.

ಚಪ್ಪಟೆ ರಿಬೀಟುಗಳನ್ನು ಮಾದರಿಯಲ್ಲಿ ತೋರಿಸಲು ಉಬ್ಬು ಡೆಕಾಲ್ ನಡೆಯುವುದಿಲ್ಲ. ಅಲ್ಲಿ ಸಣ್ಣ ಹಲ್ಲುಚಕ್ರವನ್ನು ಪ್ಲಾಸ್ಟಿಕ್ಕಿನ ಮೇಲೆ ಉರುಳಿಸಿ ಚುಕ್ಕಿ ಕೊರೆಯುತ್ತಾರೆ. ಹೊಲಿಗೆಯವರು ಬಟ್ಟೆಯ ಮೇಲೆ ಗುರುತು ಹಾಕಲು ಉರುಳಿಸುವ ಚಕ್ರದ ತಂಗಿಯೇ ಅದು. ಒಬ್ಬ ತಯಾರಕ ಅದಕ್ಕೆ ರೋಸಿ ದ ರಿವೆಟರ್ ಎಂದು ಹೆಸರಿಟ್ಟ.

ರೋಸಿ ಯಾರು? ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗಂಡಸರು ಯುದ್ಧಕ್ಕೆ ಹೋದಾಗ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಅವರ ಮೇಲೆ ಕಟ್ಟಿದ ಹಾಡಿನ ಹೆಸರು ಅದು. 1943ರ ಮೇ 29ರ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯ ಮುಖಪುಟಕ್ಕೆ ನಾರ್ಮನ್ ರಾಕ್‌ವೆಲ್ ಅವಳನ್ನು ಬರೆದ: ತೊಡೆಯ ಮೇಲೆ ರಿಬೀಟು ಹೊಡೆಯುವ ಯಂತ್ರ, ಕೈಯಲ್ಲಿ ಊಟದ ಬ್ರೆಡ್ಡು, ಕಾಲಡಿ ಹಿಟ್ಲರನ ಪುಸ್ತಕ. ವಿಮಾನದ ರಿಬೀಟಿಗೆ ಕುಲುಮೆ ಬೇಡ. ಅಲ್ಯೂಮಿನಿಯಮ್ಮಿನ ಕೆಲವು ಜಾತಿಯ ರಿಬೀಟುಗಳನ್ನು ಬೇಗ ಗಡುಸಾಗದಿರಲೆಂದು ಮಂಜಿನ ಪೆಟ್ಟಿಗೆಯಲ್ಲಿಟ್ಟು ತಂದು ಹೊಡೆಯುತ್ತಾರೆ. ಹೊರಗೆ ಒಬ್ಬಳು ಯಂತ್ರ ಹಿಡಿದರೆ ಒಳಗೆ ಒಬ್ಬಳು ಕಬ್ಬಿಣದ ತುಂಡು ಒತ್ತಿ ಹಿಡಿಯುತ್ತಾಳೆ. ಮಿಷಿಗನ್ ರಾಜ್ಯದ ವಿಲ್ಲೋ ರನ್ ಕಾರ್ಖಾನೆಯಲ್ಲಿ ಬಿ-24 ಲಿಬರೇಟರ್ ಎಂಬ ಬಾಂಬರ್ ವಿಮಾನ ತಯಾರಾಗುತ್ತಿತ್ತು. ಒಂದೊಂದರಲ್ಲಿ 3 ಲಕ್ಷಕ್ಕೂ ಹೆಚ್ಚು ರಿಬೀಟುಗಳು. 1944ರಲ್ಲಿ ಗಂಟೆಗೊಂದು ವಿಮಾನ ಹೊರಬರುವ ಮಟ್ಟಕ್ಕೆ ಅದು ಮುಟ್ಟಿತು, ಒಟ್ಟು 8,685. ಯುದ್ಧ ಮುಗಿಯಿತು, ಅಂಥ ಕಾರ್ಖಾನೆಗಳ ಎಷ್ಟೋ ಹೆಂಗಸರನ್ನು ಮನೆಗೆ ಕಳಿಸಿದರು.

ಹಲವು ಅಮೆರಿಕನ್ ಕಾರ್ಖಾನೆಗಳಲ್ಲಿ ತಯಾರಾದ ಈ ಲಿಬರೇಟರುಗಳಲ್ಲಿ ಕೆಲವು ಯುದ್ಧ ಮುಗಿದಾಗ ಭಾರತದಲ್ಲಿದ್ದವು. ಅವನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಗುಡ್ಡೆ ಹಾಕಿ ಬಿಟ್ಟಿದ್ದರು. ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಇರಲಿಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು, ಅಂದರೆ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಸ್ಥಾಪಿಸಿದ ಸಂಸ್ಥೆಯವರು, ಆ ಗುಜರಿಯಿಂದ ಆರಿಸಿ, ಹಾರುವಷ್ಟು ಮಾತ್ರ ಸರಿಮಾಡಿ ಬೆಂಗಳೂರಿಗೆ ತಂದರು. ಅವನ್ನು ಹಾರಿಸಿ ತಂದವರು ಜಮಶೇದ್ ಮುನ್ಶಿ ಎಂಬ ಪೈಲಟ್. ಹಾಗೆ 42 ವಿಮಾನಗಳು ಬೆಂಗಳೂರಿನಲ್ಲಿ ಮರುಹುಟ್ಟು ಪಡೆದವು. 1948ರ ನವೆಂಬರಿನಲ್ಲಿ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಅವುಗಳಿಂದಲೇ ಶುರುವಾಯಿತು. 1968ರವರೆಗೆ ಅವು ಸೇವೆಯಲ್ಲಿದ್ದವು. ಜಗತ್ತಿನ ಬೇರೆ ಕಡೆ ಲಿಬರೇಟರುಗಳೆಲ್ಲ ಕರಗಿ ಪಾತ್ರೆಯಾಗಿ ಹೋಗಿದ್ದವು. ಇಂದು ಬ್ರಿಟನ್, ಅಮೆರಿಕ, ಕೆನಡಾದ ಸಂಗ್ರಹಾಲಯಗಳಲ್ಲಿ ಉಳಿದಿರುವ ಕೆಲವು ಭಾರತದಿಂದ ಹೋದವು.

ಆ ವಿಮಾನಗಳ ಮೈಯನ್ನು ನೆನೆಸಿಕೊಳ್ಳಿ. ಅಮೆರಿಕದ ಹೆಂಗಸೊಬ್ಬಳು ಹೊಡೆದ ಸಾಲು. ಅದರ ಪಕ್ಕದಲ್ಲೇ, ಕೆಡಿಸಿದ ಜಾಗಕ್ಕೆ ತೇಪೆ ಹಾಕುವಾಗ ಬೆಂಗಳೂರಿನ ಕೆಲಸಗಾರ ಹೊಡೆದ ಸಾಲು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಮುನ್ಶಿಯವರ ಹೆಸರು ಉಳಿಯಿತು, ಉಳಿಯಬೇಕಾದ್ದೇ. ತೇಪೆ ಹಾಕಿದವರ ಹೆಸರು ಪಾಠಕ್ಕೆ ಬರಲಿಲ್ಲ.

ಇಲ್ಲಿಗೆ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಪಠ್ಯಪುಸ್ತಕವೂ ಒಂದು ಮಾದರಿಯೇ. ಸಾವಿರಾರು ವರ್ಷಗಳನ್ನು ಇನ್ನೂರು ಪುಟಕ್ಕೆ ಇಳಿಸಬೇಕು. ಇಳಿಸುವಾಗ ಕೆಲವರು ಕೂದಲಿಗಿಂತ ಸಣ್ಣಗಾಗಿ ಕಾಣದೆ ಹೋಗುತ್ತಾರೆ. ಬರೆದವರ ಕೆಟ್ಟತನವೆಂದು ನಾನು ಹೇಳುವುದಿಲ್ಲ, ಅದು ಪ್ರಮಾಣದ ಗುಣ. ಆದರೆ ಕಾಣದೆ ಹೋದದ್ದು ಇರಲೇ ಇಲ್ಲ ಎಂದು ಮಕ್ಕಳು ತಿಳಿದರೆ ಅದು ನಮ್ಮ ಹೊಣೆ. ಇಂಥವರು ಸೇತುವೆ ಕಟ್ಟಿಸಿದರು, ಇಂಥವರು ರೈಲು ತಂದರು ಎಂಬ ವಾಕ್ಯಗಳು ನುಣ್ಣಗಿವೆ, ರಿಬೀಟಿಲ್ಲದ ಪ್ಲಾಸ್ಟಿಕ್ಕಿನಷ್ಟು ನುಣ್ಣಗೆ. ಅದಕ್ಕೆ ಉತ್ತರವೆಂದು ಎಲ್ಲ ಕಡೆ ಗುಬುಟು ಎಬ್ಬಿಸಿ ಭಾವುಕವಾಗಿ ಮಾತಾಡಿದರೆ ಅದೂ ಸುಳ್ಳಾಗುತ್ತದೆ.

ಹುಡುಗನ ನಿಯಮ ನನಗೆ ಒಪ್ಪಿತವಾದದ್ದು ಇಲ್ಲಿಯೇ. ಕಾಣಲಿ ಎಂದು ಒಬ್ಬ ಸ್ಯಾಮ್ಯುಯೆಲ್ ಸ್ಕಾಟನನ್ನು ಅವನ ಪ್ರಮಾಣಕ್ಕಿಂತ ದೊಡ್ಡದಾಗಿ ತೋರಿಸಬಹುದು. ಒಂದು ಪೀರಿಯಡ್ ಪೂರ್ತಿ ಅವನಿಗೇ ಕೊಡಬಹುದು. ಆದರೆ ಅವನು ಇದ್ದ ಜಾಗ, ವರ್ಷ, ಕೆಲಸ ತಪ್ಪಬಾರದು. ಹೊರಗಿನ ಸಾಲು ಒಳಗಿನ ಗೋಡೆಯನ್ನು ಹೇಳುವ ಹಾಗೆ, ಸರಿಯಾದ ಜಾಗದಲ್ಲಿಟ್ಟ ಒಬ್ಬ ಹುಡುಗ ಇಡೀ ವ್ಯವಸ್ಥೆಯನ್ನು ಹೇಳುತ್ತಾನೆ: 15 ವರ್ಷದವನು ಕೆಲಸಕ್ಕೆ ಬಂದದ್ದೇಕೆ, ಲೆಕ್ಕದ ಕೂಲಿ ಅವಸರ ಹುಟ್ಟಿಸಿದ್ದು ಹೇಗೆ, ಕಲ್ಲು ನೆಡಲು ನೂರು ವರ್ಷ ಹಿಡಿದದ್ದು ಯಾವ ಕಾರಣಕ್ಕೆ.

ಬಿಸಿ ರಿಬೀಟಿನ ಕಾಲ ಹೆಚ್ಚುಕಡಿಮೆ ಮುಗಿಯಿತು. ಇಂಗ್ಲೆಂಡಿನಲ್ಲಿ 1920ರಲ್ಲಿ ನೀರಿಗಿಳಿದ ಫುಲ್ಲಗಾರ್ ಎಂಬ ಹಡಗು ಪೂರ್ತಿ ಬೆಸುಗೆಯದು. ಎರಡನೆಯ ಯುದ್ಧದ ಅವಸರದಲ್ಲಿ ಬೆಸುಗೆಯೇ ಗೆದ್ದಿತು. ಆಗ ಕೆಲವು ಬೆಸುಗೆಯ ಹಡಗುಗಳು ಬಿರುಕು ಬಿಟ್ಟವು. ಬಿರುಕು ಒಂದು ತಗಡಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಓಡುತ್ತಿತ್ತು. ರಿಬೀಟಿನ ಹಡಗಿನಲ್ಲಾದರೆ ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ತಂತ್ರಜ್ಞರು ಅದನ್ನೂ ಸರಿಮಾಡಿಕೊಂಡರು. ಸೇತುವೆ, ಕಟ್ಟಡಗಳಿಗೆ ಬಲವಾದ ಬೋಲ್ಟು ಬಂತು. ವಿಮಾನಗಳಲ್ಲಿ ಮಾತ್ರ ರಿಬೀಟು ಇನ್ನೂ ಇದೆ. ಉಗಿ ಎಂಜಿನ್ನುಗಳು ಹೋದವು. ಒಳಗೆ ಕುಳಿತು ಹಿಡಿಯುವ ಕೆಲಸವೂ ಹೋಯಿತು. ಅದು ಹೋದದ್ದಕ್ಕೆ ನನಗೆ ಒಂದಿಷ್ಟೂ ದುಃಖವಿಲ್ಲ. ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವವರಿಗೆ ಕಿವುಡನ ಮನೆಯಲ್ಲಿ ಒಂದು ದಿನ ಇದ್ದು ನೋಡಿ ಎನ್ನುತ್ತೇನೆ.

ಈಚೆಗೆ ಶಾಲೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪಾಠದಲ್ಲಿ ಯಾವುದೇ ದೊಡ್ಡ ಕಟ್ಟಡ, ಅಣೆಕಟ್ಟು, ರೈಲುಹಾದಿ ಬಂದರೆ, ಕಟ್ಟಿಸಿದವರ ಹೆಸರು ಬರೆದ ಮೇಲೆ ಒಂದು ಸಾಲು ಖಾಲಿ ಬಿಡಲು ಮಕ್ಕಳಿಗೆ ಹೇಳುತ್ತೇನೆ. ಅಲ್ಲಿ ಕಟ್ಟಿದವರ ಬಗ್ಗೆ ತಿಳಿದ ಒಂದು ನಿಜವನ್ನು ಬರೆಯಬೇಕು. ತಿಳಿಯದಿದ್ದರೆ ಖಾಲಿ ಬಿಡಬೇಕು, ಊಹಿಸಿ ತುಂಬಬಾರದು. ಮೊದಮೊದಲು ಪುಸ್ತಕಗಳ ತುಂಬ ಖಾಲಿ ಸಾಲುಗಳೇ. ಈಗ ಕೆಲವರು ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೇಳಿಕೊಂಡು ಬರುತ್ತಾರೆ. ಒಬ್ಬ ಹುಡುಗಿಯ ಅಜ್ಜಿ ಅಣೆಕಟ್ಟಿನ ಕೆಲಸದಲ್ಲಿ ಕಲ್ಲು ಹೊತ್ತವಳಂತೆ. ಎಷ್ಟು ಕೂಲಿ, ಯಾವ ವರ್ಷ, ಎಷ್ಟು ದೂರ ನಡೆದು ಹೋಗುತ್ತಿದ್ದಳು ಎಂದೆಲ್ಲ ಅವಳು ಬರೆದು ತಂದಳು. ಒಂದು ಸಾಲು ಸಾಲದೆ ಅಂಚಿನ ಜಾಗದಲ್ಲೂ ಬರೆದಿದ್ದಳು. ನಾನು ಅದರ ಕೆಳಗೆ ಕೆಂಪು ಮಸಿಯಲ್ಲಿ ಸಹಿ ಹಾಕಿ, ಮುಂದಿನ ಸಲ ಅಂಚು ಬಿಟ್ಟು ಇನ್ನೊಂದು ಹಾಳೆ ತೆಗೆದುಕೋ ಎಂದು ಬರೆದೆ.